ಹಳೆಯ ಆಟಕ್ಕೆ ಹೊಸ ಬೆಳಕು

ಹಳೆಯ ಕಟ್ಟಡವೊಂದರ ಜೀರ್ಣೋದ್ಧಾರಕ್ಕೆ ಕೈಹಾಕುವವರು ಮೊದಲು ಒಂದು ಪ್ರಶ್ನೆಯನ್ನು ಎದುರಿಸಬೇಕಾಗುತ್ತದೆ. ಯಾವುದನ್ನು ಬದಲಿಸಬಹುದು, ಯಾವುದನ್ನು ಮುಟ್ಟಬಾರದು? ಗೋಡೆಗೆ ಹೊಸ ಗಾರೆ ಬಳಿದರೆ ಕಟ್ಟಡ ಅದೇ ಆಗಿ ಉಳಿಯುತ್ತದೆ. ಕಂಬಗಳ ಅಂತರವನ್ನೇ ಬದಲಿಸಿದರೆ ಅದು ಬೇರೊಂದು ಕಟ್ಟಡವಾಗುತ್ತದೆ. ವಿಡಿಯೊ ಆಟಗಳಿಗೂ ಇಂತಹ ಜೀರ್ಣೋದ್ಧಾರ ನಡೆಯುತ್ತಿರುವುದನ್ನು, ಅದಕ್ಕೆ ‘ರೀಮಾಸ್ಟರ್’ ಎಂಬ ಹೆಸರಿರುವುದನ್ನು ವಾಚಕರಲ್ಲಿ ಅನೇಕರು ಬಲ್ಲರು. ಹಾಗೆ ಹೊಸದಾಗಿ ಬಂದ ಹಳೆಯ ಆಟ ಇಂದಿಗೂ ಆಡಲು ಯೋಗ್ಯವೆ? ‘ಕ್ವೇಕ್ 2’ ಎಂಬ ಒಂದೇ ಆಟವನ್ನು ಹಿಡಿದು ಈ ವಿಚಾರವನ್ನು ಪರಿಶೀಲಿಸೋಣ. ಈ ಆಟವನ್ನು ಆರಿಸಿದ್ದಕ್ಕೆ ಕಾರಣವುಂಟು. ಇದು ಎರಡು ಸಲ ಜೀರ್ಣೋದ್ಧಾರವಾಗಿದೆ. ಆ ಎರಡು ಕೆಲಸಗಳೂ ಭೌತವಿಜ್ಞಾನದ ಎರಡು ಬೇರೆ ಬೇರೆ ಅಧ್ಯಾಯಗಳಿಗೆ ಸೇರಿದವು.

ಆಟದ ವೃತ್ತಾಂತ ಚಿಕ್ಕದು. ಅಮೆರಿಕದ ಇಡ್ ಸಾಫ್ಟ್‌ವೇರ್ ಸಂಸ್ಥೆ 1997ರ ಡಿಸೆಂಬರಿನಲ್ಲಿ ಇದನ್ನು ಹೊರತಂದಿತು. ಇದರ ಗಣಕಕ್ರಮವನ್ನು ರಚಿಸಿದವರಲ್ಲಿ ಪ್ರಮುಖನು ಜಾನ್ ಕಾರ್ಮ್ಯಾಕ್. ಸ್ಟ್ರಾಗಾಸ್ ಎಂಬ ಕಲ್ಪಿತ ಗ್ರಹದ ಮೇಲೆ ಒಬ್ಬ ಸೈನಿಕನು ಇಳಿಯುತ್ತಾನೆ. ಅರ್ಧ ಮಾಂಸ, ಅರ್ಧ ಯಂತ್ರವಾದ ಶತ್ರುಗಳ ನಡುವೆ ಅವನ ಕಣ್ಣಿನಿಂದಲೇ ನಾವು ಎಲ್ಲವನ್ನೂ ನೋಡುತ್ತೇವೆ. 2001ರ ಡಿಸೆಂಬರಿನಲ್ಲಿ ಸಂಸ್ಥೆಯವರು ಇದರ ಮೂಲಕ್ರಮವನ್ನು ಯಾರು ಬೇಕಾದರೂ ಓದಿ ತಿದ್ದುವಂತೆ ಬಿಡುಗಡೆ ಮಾಡಿದರು. 2019ರ ಜೂನಿನಲ್ಲಿ ಎನ್ವಿಡಿಯಾ ಸಂಸ್ಥೆ ಇದರ ಬೆಳಕನ್ನು ಸಂಪೂರ್ಣವಾಗಿ ಬದಲಿಸಿ ‘ಕ್ವೇಕ್ 2 ಆರ್‌ಟಿಎಕ್ಸ್’ ಎಂಬ ರೂಪವನ್ನು ಕೊಟ್ಟಿತು. 2023ರ ಆಗಸ್ಟಿನಲ್ಲಿ ನೈಟ್‌ಡೈವ್ ಸ್ಟುಡಿಯೋಸ್ ತಂದ ಆವೃತ್ತಿಯಾದರೋ ಬೆಳಕಿನ ಮೂಲಸ್ವರೂಪವನ್ನು ಬಹುಮಟ್ಟಿಗೆ ಇಟ್ಟುಕೊಂಡು, ಸವೆದ ಭಾಗಗಳನ್ನು ದುರಸ್ತಿ ಮಾಡಿತು.

ಮೊದಲು ಬೆಳಕಿನ ವಿಚಾರ. ಕೆಂಪು ಗಾರೆಯ ನೆಲವಿರುವ ಹಂಚಿನ ಮನೆಯಲ್ಲಿ ಗವಾಕ್ಷಿಯಿಂದ ಬಿಸಿಲು ಬಿದ್ದಾಗ, ಸುಣ್ಣ ಬಳಿದ ಗೋಡೆಯ ಬುಡ ನಸುಗೆಂಪಾಗುವುದನ್ನು ನೀವು ನೋಡಿರಬಹುದು. ಬೆಳಕು ಒಂದು ಮೈಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಚದುರುತ್ತ ಹೋಗುತ್ತದೆ. ಹೋಗುವಾಗ ಬಣ್ಣವನ್ನೂ ಹೊತ್ತೊಯ್ಯುತ್ತದೆ. ಇದನ್ನು ಲೆಕ್ಕಹಾಕುವ ಒಂದು ವಿಧಾನವನ್ನು ಉಷ್ಣವಿಕಿರಣದ ಸಮಸ್ಯೆಗಳಿಗಾಗಿ ಇಂಜಿನಿಯರುಗಳು ಮೊದಲೇ ಬಳಸುತ್ತಿದ್ದರು. 1984ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧಕರು ಅದನ್ನು ಗಣಕಚಿತ್ರಗಳಿಗೆ ಅಳವಡಿಸಿದರು. ಕ್ವೇಕ್ 2ರ ನಿರ್ಮಾಪಕರು ಆ ವಿಧಾನದಿಂದಲೇ ಪ್ರತಿಯೊಂದು ಗೋಡೆಯ ಮೇಲೂ ಎಲ್ಲಿ ಎಷ್ಟು ಬೆಳಕು ಬೀಳುವುದೆಂದು ಮುಂಚಿತವಾಗಿ ಗಣಿಸಿ, ಫಲಿತಾಂಶವನ್ನು ಆಟದೊಡನೆ ಕಟ್ಟಿ ಕಳುಹಿಸಿದರು. ಆಟ ನಡೆಯುವಾಗ ಯಂತ್ರಕ್ಕೆ ಗಣಿತದ ಹೊರೆಯಿಲ್ಲ. ಸಿದ್ಧವಾದ ಬೆಳಕನ್ನು ಗೋಡೆಗೆ ಹಚ್ಚಿದರಾಯಿತು. 1997ರ ಯಂತ್ರಗಳಿಗೆ ಇದಕ್ಕಿಂತ ಜಾಣ ಉಪಾಯವಿರಲಿಲ್ಲ.

ಆದರೆ ಗೋಡೆಗೆ ಹಚ್ಚಿದ ಬೆಳಕು ಬಹುಮಟ್ಟಿಗೆ ಜಡವಾದ ಬೆಳಕು. ದೀಪ ಮಿಣುಕಬಲ್ಲದು, ನಿಜ. ಆದರೆ ನಡೆದು ಬರುವ ಶತ್ರುವಿನ ನೆರಳು ಗೋಡೆಯ ಮೇಲೆ ಹರಿಯುವುದಿಲ್ಲ, ಬಾಗಿಲು ತೆರೆದರೆ ಹೊರಗಿನ ಬಿಸಿಲು ಒಳಗೆ ಚೆಲ್ಲುವುದಿಲ್ಲ. ಇದಕ್ಕೆ ಪ್ರತಿಯಾಗಿ ಒಂದು ಸ್ವಾತಂತ್ರ್ಯವಿತ್ತು. ದೀಪವೇ ಇಲ್ಲದ ಕಡೆಯಲ್ಲಿಯೂ ನಿರ್ಮಾಪಕರು ಬೆಳಕನ್ನು ಇಡಬಹುದಾಗಿತ್ತು. ನಾಟಕದ ರಂಗದ ಮೇಲೆ ಪಾತ್ರಧಾರಿಯ ಮುಖಕ್ಕೆ ಎಲ್ಲಿಂದಲೋ ಬೆಳಕು ಬೀಳುವುದಿಲ್ಲವೆ, ಹಾಗೆ.

2019ರ ರೂಪದಲ್ಲಿ ಈ ಸಿದ್ಧಬೆಳಕನ್ನೆಲ್ಲ ತೆಗೆದುಹಾಕಿ, ಪ್ರತಿಯೊಂದು ಚಿತ್ರಕ್ಕೂ ಬೆಳಕಿನ ಪಥವನ್ನು ಹೊಸದಾಗಿ ಗಣಿಸುತ್ತಾರೆ. ಇದರ ಹಿಂದಿರುವುದು ಜೇಮ್ಸ್ ಕಾಜಿಯ 1986ರಲ್ಲಿ ಪ್ರಕಟಿಸಿದ ಸಮೀಕರಣ. ಅದನ್ನು ನೇರವಾಗಿ ಬಿಡಿಸುವುದು ಅಸಾಧ್ಯವಾದುದರಿಂದ ಮಾಂಟೆ ಕಾರ್ಲೊ ವಿಧಾನವನ್ನು ಅನುಸರಿಸುತ್ತಾರೆ. ಎರಡನೆಯ ಮಹಾಯುದ್ಧದ ತರುವಾಯ ಲಾಸ್ ಅಲಮಾಸ್‌ನಲ್ಲಿ ಉಲಾಮ್ ಮತ್ತು ಫಾನ್ ನಾಯ್ಮನ್ ಇವರು ನ್ಯೂಟ್ರಾನುಗಳ ಚಲನೆಯನ್ನು ತಿಳಿಯಲು ಬೆಳೆಸಿದ ವಿಧಾನವೇ ಇದು. ನ್ಯೂಟ್ರಾನಿನ ಬದಲಿಗೆ ಇಲ್ಲಿ ಬೆಳಕಿನ ಕಿರಣ. ನೋಡುವವನ ಕಣ್ಣಿನಿಂದ ಹಿಮ್ಮುಖವಾಗಿ ಹೊರಟ ಕಿರಣ ಗೋಡೆಗೆ ತಾಗಿ, ಯಾದೃಚ್ಛಿಕವಾಗಿ ಒಂದು ದಿಕ್ಕಿಗೆ ತಿರುಗಿ, ಕೊನೆಗೆ ದೀಪವನ್ನು ಮುಟ್ಟುತ್ತದೋ ಇಲ್ಲವೋ ಎಂದು ನೋಡುವುದು. ಹೀಗೆ ಅನೇಕ ಕಿರಣಗಳ ಸರಾಸರಿಯನ್ನು ತೆಗೆಯುವುದು.

ಅನ್ನ ಬೆಂದಿತೋ ಇಲ್ಲವೋ ತಿಳಿಯಲು ಒಂದು ಅಗುಳನ್ನು ಹಿಸುಕಿದರೆ ಸಾಕು. ಬೆಳಕಿನ ವಿಷಯದಲ್ಲಿ ಒಂದು ಅಗುಳು ಸಾಲದು. ಸರಾಸರಿಯ ದೋಷ ಕಿರಣಗಳ ಸಂಖ್ಯೆಯ ವರ್ಗಮೂಲಕ್ಕೆ ವಿಲೋಮಾನುಪಾತದಲ್ಲಿ ಇಳಿಯುತ್ತದೆ. ದೋಷವನ್ನು ಹತ್ತರಲ್ಲೊಂದು ಪಾಲಿಗೆ ಇಳಿಸಬೇಕಾದರೆ ಕಿರಣಗಳನ್ನು ನೂರು ಪಟ್ಟು ಹೆಚ್ಚಿಸಬೇಕು. 1920ಕ್ಕೆ 1080ರ ಪರದೆಯಲ್ಲಿ 20,73,600 ಚುಕ್ಕೆಗಳು. ಸೆಕೆಂಡಿಗೆ 60 ಚಿತ್ರ ಬೇಕೆಂದರೆ, ಚುಕ್ಕೆಗೊಂದೇ ಪಥವನ್ನು ಹಿಡಿದರೂ ಸೆಕೆಂಡಿಗೆ 12 ಕೋಟಿಗೂ ಮೀರಿದ ಪಥಗಳಾಗುತ್ತವೆ! ಇಷ್ಟೆಲ್ಲ ಮಾಡಿದರೂ ದೊರೆಯುವುದು ಮರಳು ಎರಚಿದಂತಹ ಚಿತ್ರವೇ. ಆದಕಾರಣ ಅಕ್ಕಪಕ್ಕದ ಚುಕ್ಕೆಗಳಿಂದಲೂ ಹಿಂದಿನ ಚಿತ್ರಗಳಿಂದಲೂ ಮಾಹಿತಿಯನ್ನು ಎರವಲು ಪಡೆದು ಮರಳನ್ನು ಸೋಸುತ್ತಾರೆ. ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ಸಂಶೋಧನ ವಿದ್ಯಾರ್ಥಿಯಾಗಿದ್ದ ಕ್ರಿಸ್ಟೋಫ್ ಶೀಡ್ ಈ ಸೋಸುವಿಕೆಯಲ್ಲಿ ಪರಿಣತನು. ಇದೇ ಆಟದ ಮೇಲೆ ಆತನು 2019ರ ಜನವರಿಯಲ್ಲಿ ಪ್ರಕಟಿಸಿದ ಪ್ರಯೋಗವೇ ಎನ್ವಿಡಿಯಾದ ಕೆಲಸಕ್ಕೆ ತಳಹದಿಯಾಯಿತು.

ಫಲ ಸೋಜಿಗವೇ ಸರಿ. ನೀರಿನಲ್ಲಿ ಪ್ರತಿಫಲನವೂ ವಕ್ರೀಭವನವೂ ಕಾಣುತ್ತವೆ. ಹಾರಿಸಿದ ಗುಂಡಿನ ಹೊಳಪು ಓಣಿಯ ಗೋಡೆಗಳನ್ನು ಬೆಳಗುತ್ತ ಸಾಗುತ್ತದೆ. ಸೂರ್ಯನ ಹೊತ್ತನ್ನು ಬದಲಿಸಿ ಬಿಸಿಲು ಒಳಕ್ಕೆ ಸರಿಯುವುದನ್ನು ನೋಡಬಹುದು. ಬೆಳಕಿನ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉಪಕರಣವನ್ನು ನಾನು ಕಂಡಿಲ್ಲ. ಆದರೆ ಆಟವಾಗಿ? ಬೆಳಕು ಈಗ ಮುಖ್ಯವಾಗಿ ಕಾಣುವ ದೀಪಗಳಿಂದ, ಆಕಾಶದಿಂದ, ಸೂರ್ಯನಿಂದ ಬರುವುದರಿಂದ, ನಿರ್ಮಾಪಕರು ರಂಗದೀಪದಂತೆ ಬೆಳಗಿಸಿದ್ದ ಕೆಲವು ಮೂಲೆಗಳ ಭಾವ ಬದಲಾಗಿದೆ. ಇನ್ನೊಂದು ತೊಡಕು: ಕೆಲವೇ ನೂರು ತ್ರಿಕೋನಗಳಿಂದ ಕಟ್ಟಿದ ಶತ್ರುವಿನ ದೇಹ ನಿಜವಾದ ಬಿಸಿಲಿನಲ್ಲಿ ಮರದ ಬೊಂಬೆಯಂತೆ ಕಾಣುತ್ತದೆ. ಹಳೆಯ ಮಬ್ಬುಬೆಳಕು ಅದರ ಒರಟುತನವನ್ನು ಮುಚ್ಚಿತ್ತು.

ಇನ್ನು ಚಲನೆ. ಈ ಆಟ ಇಂದಿಗೂ ತಾಜಾ ಆಗಿರುವುದು ಇದರಿಂದಲೇ ಎಂದು ನನ್ನ ಅಭಿಪ್ರಾಯ. ಆಟದ ಅಳತೆಯಲ್ಲಿ ಸೈನಿಕನ ಎತ್ತರ 56 ಮಾನ, ಓಟದ ವೇಗ ಸೆಕೆಂಡಿಗೆ 300 ಮಾನ, ನೆಗೆತದ ಆರಂಭವೇಗ 270, ಗುರುತ್ವದ ವೇಗೋತ್ಕರ್ಷ 800. ಸೈನಿಕನ ಎತ್ತರವನ್ನು 1.8 ಮೀಟರ್ ಎಂದು ಇಟ್ಟುಕೊಂಡರೆ ಒಂದು ಮೀಟರಿಗೆ ಸುಮಾರು 31 ಮಾನ. ಆಗ ಗುರುತ್ವ ಸೆಕೆಂಡಿನ ವರ್ಗಕ್ಕೆ ಸುಮಾರು 25.7 ಮೀಟರ್, ಎಂದರೆ ಭೂಮಿಯ ಎರಡೂವರೆ ಪಟ್ಟಿಗಿಂತ ತುಸು ಹೆಚ್ಚು! ವೇಗದ ವರ್ಗವನ್ನು ಗುರುತ್ವದ ಇಮ್ಮಡಿಯಿಂದ ಭಾಗಿಸಿದರೆ ನೆಗೆತದ ಎತ್ತರ 45.6 ಮಾನ, ಸುಮಾರು 1.46 ಮೀಟರ್, ಗಾಳಿಯಲ್ಲಿರುವ ಕಾಲ 0.675 ಸೆಕೆಂಡು. ಭೂಮಿಯ ಮೇಲೆ ಅಷ್ಟೇ ಎತ್ತರ ನೆಗೆದು ಇಳಿಯಲು ಸುಮಾರು 1.09 ಸೆಕೆಂಡು ಬೇಕು. ಸೈನಿಕನು ಒಳ್ಳೆಯ ಓಟಗಾರನಂತೆ ನೂರು ಮೀಟರನ್ನು ಹತ್ತೂವರೆ ಸೆಕೆಂಡಿನೊಳಗೆ ಓಡುತ್ತಾನೆ, ಎತ್ತರಕ್ಕೆ ನೆಗೆಯುತ್ತಾನೆ, ಒಡನೆಯೇ ನೆಲಕ್ಕೆ ಬರುತ್ತಾನೆ. ಕೈಗೆ ತಗುಲುವ ಚುರುಕು ಇದೇ.

ವೇಗದ ಮಿತಿಯಲ್ಲಿ ಒಂದು ಸ್ವಾರಸ್ಯವುಂಟು. 300ರ ಮಿತಿ ಇರುವುದು ವೇಗವೆಂಬ ಸದಿಶದ ಒಟ್ಟು ಪರಿಮಾಣಕ್ಕಲ್ಲ. ಆಟಗಾರನು ಹೋಗಬಯಸುವ ದಿಕ್ಕಿನಲ್ಲಿ ಅದರ ಘಟಕಕ್ಕೆ. ನೆಲದ ಮೇಲೆ ಘರ್ಷಣೆ ಹೆಚ್ಚಿನ ವೇಗವನ್ನು ತಿಂದುಹಾಕುತ್ತದೆ. ಆದರೆ ನೆಗೆಯುತ್ತ, ಬಯಸುವ ದಿಕ್ಕನ್ನು ಓರೆಯಾಗಿ ಇಟ್ಟುಕೊಂಡರೆ ಘಟಕ ಕಡಮೆಯಾಗಿಯೇ ಉಳಿದು ಒಟ್ಟು ವೇಗ ಮಿತಿಯನ್ನು ದಾಟುತ್ತದೆ. ಆಟಗಾರರು ಇದನ್ನು ಕಂಡುಹಿಡಿದು ಒಂದು ವಿದ್ಯೆಯನ್ನಾಗಿಯೇ ಬೆಳೆಸಿದರು. ಇದನ್ನು ದೋಷವೆಂದು ತಿದ್ದಿದ್ದರೆ ಕಂಬಗಳ ಅಂತರವನ್ನು ಬದಲಿಸಿದಂತಾಗುತ್ತಿತ್ತು.

ಜೀರ್ಣೋದ್ಧಾರದಲ್ಲಿ ಕಣ್ಣಿಗೆ ಕಾಣದ ಅಪಾಯವೊಂದಿದೆ. ಗಣಕಯಂತ್ರ ಚಲನೆಯನ್ನು ಸಣ್ಣ ಸಣ್ಣ ಕಾಲಖಂಡಗಳಲ್ಲಿ ಲೆಕ್ಕಹಾಕುತ್ತದೆ. ಪ್ರತಿ ಖಂಡದಲ್ಲಿ ಮೊದಲು ಗುರುತ್ವವನ್ನು ಕಳೆದು, ಅನಂತರ ಸ್ಥಾನವನ್ನು ಸರಿಸಿದರೆ ಎತ್ತರದಲ್ಲಿ ಆರಂಭವೇಗ ಮತ್ತು ಕಾಲಖಂಡಗಳ ಗುಣಲಬ್ಧದ ಅರ್ಧದಷ್ಟು ಕೊರತೆ ಬೀಳುತ್ತದೆ. ಸೆಕೆಂಡಿಗೆ 20 ಖಂಡಗಳಾದರೆ ಸುಮಾರು 7 ಮಾನ, 60 ಆದರೆ ಸುಮಾರು 2 ಮಾನ. ಯಂತ್ರ ವೇಗವಾದಷ್ಟೂ ನೆಗೆತ ಎತ್ತರ! ಹೊಸ ಯಂತ್ರಕ್ಕೆ ಹಳೆಯ ಆಟವನ್ನು ತರುವವರು ಇಂತಹ ಕಡೆಗಳಲ್ಲೆಲ್ಲ ಎಚ್ಚರದಿಂದಿರಬೇಕು. ಮೂಲದಲ್ಲಿ ಶತ್ರುಗಳ ಲೋಕ ಸೆಕೆಂಡಿಗೆ 10 ಹೆಜ್ಜೆಗಳಲ್ಲಿ ನಡೆಯುತ್ತಿತ್ತು. 2023ರ ಆವೃತ್ತಿಯಲ್ಲಿ ಅದು 40 ಆಗಿದೆ, ಆದರೂ ಆಟದ ಹದ ಕೆಟ್ಟಿಲ್ಲ. ಅದನ್ನು ಆಡಿದಾಗ ನನಗೆ ಅತ್ಯಂತ ಮೆಚ್ಚುಗೆಯಾದುದು ಇದು.

ಮುಪ್ಪು ತಟ್ಟಿದ ಭಾಗಗಳೂ ಇಲ್ಲದೆ ಇಲ್ಲ. ಕಂದುಬಣ್ಣದ ಓಣಿಗಳು ಒಂದನ್ನೊಂದು ಹೋಲುತ್ತವೆ. ಬೀಗದ ಕೈಗಾಗಿ ಬಂದ ದಾರಿಯಲ್ಲೇ ಹಿಂದಕ್ಕೆ ಅಲೆಯಬೇಕು. ಹೊಸ ಆವೃತ್ತಿಯಲ್ಲಿ ದಾರಿ ತೋರುವ ದಿಕ್ಸೂಚಿಯೊಂದನ್ನು ಕೊಟ್ಟಿದ್ದಾರೆ, ಶತ್ರುಗಳ ವರ್ತನೆಯನ್ನೂ ಚುರುಕುಗೊಳಿಸಿದ್ದಾರೆ. ಕಥೆಯನ್ನು ಮಾತ್ರ ಯಾವ ಜೀರ್ಣೋದ್ಧಾರವೂ ಉದ್ಧರಿಸಲಾರದು.

ಆಟವನ್ನು ಮೊದಲ ಸಲ ಆಡುವವರು 2023ರ ರೂಪವನ್ನೇ ಆರಿಸಿಕೊಳ್ಳುವುದು ಲೇಸು. ಪ್ರಯೋಗದ ಆಸಕ್ತಿಯುಳ್ಳವರಿಗೆ 2019ರ ರೂಪದ ಮೊದಲ ಮೂರು ಹಂತಗಳನ್ನು ಉಚಿತವಾಗಿಯೇ ಕೊಟ್ಟಿದ್ದಾರೆ. ಅದರ ಆಜ್ಞಾಫಲಕವನ್ನು ತೆರೆದು ಗುರುತ್ವದ ಬೆಲೆಯನ್ನು 800ರಿಂದ 305ಕ್ಕೆ ಇಳಿಸಿ ನೋಡಿ. ನಮ್ಮ ಲೆಕ್ಕದಂತೆ ಅದೇ ಭೂಮಿಯ ಗುರುತ್ವ. ಆರಂಭವೇಗ ಹಿಂದಿನದೇ ಆದುದರಿಂದ ನೆಗೆತ 119 ಮಾನಕ್ಕೂ ಮೇಲೇರುತ್ತದೆ. ಸೈನಿಕನು ಒಂದೂಮುಕ್ಕಾಲು ಸೆಕೆಂಡು ಗಾಳಿಯಲ್ಲಿ ತೇಲುತ್ತಾನೆ. ಅಷ್ಟು ಹೊತ್ತಿನಲ್ಲಿ ಎದುರಿನ ಶತ್ರು ನಿಧಾನವಾಗಿ ಗುರಿಯಿಟ್ಟು ಅವನನ್ನು ಹೊಡೆದುರುಳಿಸಬಲ್ಲನು.