ಕಣಿವೆಯ ತಳಕ್ಕೆ ಇಳಿದು ನೋಡು

ಪ್ರೀತಿಯ ಮಗಳೇ,

ಆರ್‌ವಿ, ಅಂದರೆ ಮನೆಯಂಥ ಗಾಡಿ, ಬಾಡಿಗೆಗೆ ಹಿಡಿದು ಒಂದೇ ವಾರದಲ್ಲಿ ಗ್ರ್ಯಾಂಡ್ ಕ್ಯಾನಿಯನ್, ಝಯಾನ್, ಆರ್ಚಸ್, ಮಾನ್ಯುಮೆಂಟ್ ವ್ಯಾಲಿ ಎಲ್ಲವನ್ನೂ ಮುಗಿಸುತ್ತೇವೆ ಎಂದು ಬರೆದಿದ್ದೀಯ. ಆ ಪಟ್ಟಿಯಲ್ಲಿ ಅರ್ಧ ಹೊಡೆದುಹಾಕು. ಉಳಿಯುವ ದಿನಗಳನ್ನು ಕ್ಯಾನಿಯನ್ ಡಿ ಶೇಗೆ ಕೊಡು.

ಅರಿಜೋನಾದ ಈಶಾನ್ಯಕ್ಕೆ, ಚಿನ್ಲೆ ಊರಿನ ಮಗ್ಗುಲಲ್ಲಿದೆ ಆ ಕಣಿವೆ. 1931ರಲ್ಲೇ ರಾಷ್ಟ್ರೀಯ ಸ್ಮಾರಕವಾದರೂ ನೆಲ ಇಂದಿಗೂ ಅಲ್ಲಿನ ಮೂಲನಿವಾಸಿಗಳಾದ ನವಾಹೊ ಜನರದು. ಕೆಲವು ಕುಟುಂಬಗಳು ಈಗಲೂ ಕಣಿವೆಯ ತಳದಲ್ಲಿ ಮೆಕ್ಕೆಜೋಳ ಬೆಳೆಯುತ್ತವೆ, ಕುರಿ ಸಾಕುತ್ತವೆ. ಆದ್ದರಿಂದ ನೀನು ಅಲ್ಲಿಗೆ ಹೋಗುವುದು ಒಬ್ಬರ ಹಿತ್ತಿಲಿಗೆ ಕಾಲಿಟ್ಟಂತೆ. ಕೇಳದೆ ಯಾರ ಫೋಟೊವನ್ನೂ ತೆಗೆಯಬೇಡ.

ದಕ್ಷಿಣ ಅಂಚಿನ ರಸ್ತೆ ಮುಗಿಯುವಲ್ಲಿ ಸುಮಾರು 800 ಅಡಿ ಎತ್ತರದ ಸ್ಪೈಡರ್ ರಾಕ್ ಕಾಣುತ್ತದೆ. ನವಾಹೊ ಜನರಿಗೆ ನೇಯ್ಗೆ ಕಲಿಸಿದ ಜೇಡಮ್ಮನ ಮನೆ ಅದೇ ಎಂದು ಅವರ ನಂಬಿಕೆ. ಬಂಡೆಯಲ್ಲಿ ಓರೆಯಾಗಿ ಓಡುವ ಗೆರೆಗಳನ್ನು ಗಮನಿಸು: ಇಪ್ಪತ್ತು ಕೋಟಿ ವರ್ಷಗಳಿಗೂ ಹಿಂದೆ ಗಾಳಿ ಗುಡ್ಡೆಹಾಕಿದ ಮರಳದಿಣ್ಣೆಗಳೇ ಹಾಗೆ ಕಲ್ಲಾಗಿವೆ.

ಹೆಚ್ಚಿನವರು ಮೇಲಿನಿಂದ ಇಷ್ಟು ನೋಡಿ ಹೊರಟುಬಿಡುತ್ತಾರೆ. ನೀನು ಹಾಗೆ ಮಾಡಬೇಡ. ನವಾಹೊ ಮಾರ್ಗದರ್ಶಕರೊಬ್ಬರನ್ನು ಗೊತ್ತುಮಾಡಿಕೊಂಡು ಅವರ ಜೀಪಿನಲ್ಲಿ ತಳಕ್ಕೆ ಇಳಿ. ಬಂಡೆಯ ಪೊಟರೆಯಲ್ಲಿ ಪುರಾತನ ಪ್ಯೂಬ್ಲೊ ಜನ ಕಟ್ಟಿದ ವೈಟ್ ಹೌಸ್ ಮನೆಗಳನ್ನು ಅವರು ತೋರಿಸುತ್ತಾರೆ. ಅದಾದ ಮೇಲೆ 1864ರ ವಿಷಯ ಕೇಳು. ಆ ಜನವರಿಯಲ್ಲಿ ಅಮೆರಿಕದ ಸೇನಾಧಿಕಾರಿ ಕಿಟ್ ಕಾರ್ಸನ್‌ನ ಸೈನ್ಯ ಇದೇ ಕಣಿವೆಗೆ ನುಗ್ಗಿತು. ಗುಡಿಸಲು, ದವಸ ಎಲ್ಲ ಸುಟ್ಟರು. ಮುಂದೆ ಸಾವಿರಾರು ಪೀಚ್ ಮರಗಳನ್ನೂ ಕಡಿದುಹಾಕಿದರು. ಹಣ್ಣಿನ ಮರ ಕಡಿದದ್ದೇಕೆ ಎಂದು ಯೋಚಿಸು. ಹಸಿದವರು ತಾವಾಗಿಯೇ ಶರಣಾಗಲಿ ಎಂಬ ಲೆಕ್ಕ ಅದು. ಹಾಗೆ ಶರಣಾದ 8,000ಕ್ಕೂ ಹೆಚ್ಚು ಜನರನ್ನು, ಮುದುಕರು ಬಸುರಿಯರೆನ್ನದೆ, ನ್ಯೂ ಮೆಕ್ಸಿಕೊದ ಬಾಸ್ಕ್ ರೆಡಾಂಡೊವರೆಗೆ ಮುನ್ನೂರು ಮೈಲಿಗೂ ಹೆಚ್ಚು ನಡೆಸಿದರು. ಅಲ್ಲಿ ಪೇಕೋಸ್ ನದಿಯ ಚೌಳು ನೀರು, ಕೈಗೆ ಹತ್ತದ ಬೆಳೆ, ರೋಗ. ನಾಲ್ಕು ವರ್ಷ ನರಳಿ, 1868ರ ಜೂನ್‌ನಲ್ಲಿ ಒಪ್ಪಂದವಾದ ಮೇಲೆ ಸ್ವಂತ ನೆಲಕ್ಕೆ ಮರಳಿದರು. ಓಡಿಸಲ್ಪಟ್ಟ ಮೂಲನಿವಾಸಿಗಳು ಹೀಗೆ ತಮ್ಮದೇ ನೆಲಕ್ಕೆ ಹಿಂದಿರುಗಿದ್ದು ಅಮೆರಿಕದ ಇತಿಹಾಸದಲ್ಲಿ ಅಪರೂಪ. ನಿನ್ನ ಜೀಪು ಓಡಿಸುವವರ ಮುತ್ತಜ್ಜಿಯ ಅಜ್ಜಿಯೂ ಆ ದಾರಿ ನಡೆದಿರಬಹುದು. ಅವರು ಮಾತಾಡುವಾಗ ಫೋನ್ ಒಳಗಿರಲಿ.

ಇನ್ನು ಗಾಡಿಯ ವಿಷಯ. ಕಣಿವೆಯ ಬಾಯಲ್ಲೇ ಕಾಟನ್‌ವುಡ್ ಕ್ಯಾಂಪ್‌ಗ್ರೌಂಡ್ ಇದೆ, ಆದರೆ ಗಾಡಿಗೆ ಕರೆಂಟು, ನೀರಿನ ಸಂಪರ್ಕ ಸಿಗುವುದಿಲ್ಲ. ನೀರಿನ ಟ್ಯಾಂಕ್ ತುಂಬಿಸಿ, ಕೊಳಚೆ ಟ್ಯಾಂಕ್ ಖಾಲಿಮಾಡಿಯೇ ಹೋಗು. ಜುಲೈಯಿಂದ ಸೆಪ್ಟೆಂಬರ್‌ವರೆಗೆ ಎಲ್ಲೋ ದೂರದಲ್ಲಿ ಸುರಿದ ಮಳೆಗೂ ತಳದಲ್ಲಿ ಪ್ರವಾಹ ಬರುತ್ತದೆ. ಇವತ್ತು ಬೇಡ ಎಂದು ಮಾರ್ಗದರ್ಶಕರು ಹೇಳಿದರೆ ವಾದ ಮಾಡಬೇಡ. ನವಾಹೊ ನಾಡಿನಲ್ಲಿ ಮದ್ಯ ನಿಷಿದ್ಧ, ನಿನ್ನ ಗೆಳೆಯರಿಗೂ ಹೇಳಿಬಿಡು. ಬೇಸಿಗೆಯಲ್ಲಿ ಅಲ್ಲಿನ ಗಡಿಯಾರ ಫೀನಿಕ್ಸ್‌ಗಿಂತ ಒಂದು ಗಂಟೆ ಮುಂದಿರುತ್ತದೆ, ಜೀಪಿನ ಹೊತ್ತು ತಪ್ಪೀತು.

ದಿನ ಮಿಕ್ಕರೆ ಗಾಡಿಯನ್ನು ಯೂಟಾ ಕಡೆಗೆ ತಿರುಗಿಸಬೇಡ. ಪೂರ್ವಕ್ಕೆ, ಫೋರ್ಟ್ ಸಮ್ನರ್‌ಗೆ ಹೋಗು. ಬಾಸ್ಕ್ ರೆಡಾಂಡೊ ಸ್ಮಾರಕ ಅಲ್ಲಿದೆ.

ಇಂತಿ,
ನಿನ್ನ ದೊಡ್ಡಪ್ಪ