ಬೆವರಿನ ಲೆಕ್ಕ: ಮ್ಯಾರಥಾನ್ ಓಟದ ಮೂಲಕ ನಿರ್ಜಲೀಕರಣದ ಪಾಠ

ತರಗತಿ: 9. ವಿಷಯ: ವಿಜ್ಞಾನ. ಕಲಿಕಾಂಶ: ಆವಿಯಾಗುವಿಕೆ ಮತ್ತು ದೇಹದ ಉಷ್ಣತೆ. ಅವಧಿ: 40 ನಿಮಿಷ.

ನಿರ್ಜಲೀಕರಣ ಕುರಿತ ಅಭ್ಯಾಸ ಪಾಠಗಳು ಸಾಮಾನ್ಯವಾಗಿ ‘ಬಿಸಿಲಿನಲ್ಲಿ ಹೆಚ್ಚು ನೀರು ಕುಡಿಯಿರಿ’ ಎಂಬ ಉಪದೇಶದಿಂದ ಆರಂಭವಾಗಿ ಅಲ್ಲಿಯೇ ಮುಗಿಯುತ್ತವೆ. ಅಷ್ಟು ಮಕ್ಕಳಿಗೆ ಮೊದಲೇ ಗೊತ್ತು. ಓಡುವವನ ದೇಹದಲ್ಲಿ ಶಾಖದ ಲೆಕ್ಕ ಒಂದು, ನೀರಿನ ಲೆಕ್ಕ ಇನ್ನೊಂದು, ಹೀಗೆ ಎರಡು ನಡೆಯುತ್ತಿರುತ್ತವೆ ಎಂಬುದು ಗೊತ್ತಿರುವುದಿಲ್ಲ. ಇವನ್ನು ಬಿಡಿಸಿ ತೋರಿಸುವುದು ಈ ಪಾಠದ ಉದ್ದೇಶ.

ಪೀಠಿಕೆಗೆ ಒಂದು ನೈಜ ಘಟನೆ ಸಾಕು. 1912ರ ಜುಲೈ 14ರಂದು ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನ ಮ್ಯಾರಥಾನ್ ಕಡು ಬಿಸಿಲಿನಲ್ಲಿ ನಡೆಯಿತು. ಪೋರ್ಚುಗಲ್‌ನ ಫ್ರಾನ್ಸಿಸ್ಕೊ ಲಝಾರೊ ಸುಮಾರು 30 ಕಿ.ಮೀ. ಬಳಿ ಕುಸಿದು, ಮರುದಿನ ತೀರಿಕೊಂಡರು. ಬಿಸಿಲಿನಿಂದ ಚರ್ಮವನ್ನು ಕಾಪಾಡಿಕೊಳ್ಳಲು ಅವರು ಮೈಗೆ ಜಿಡ್ಡು ಬಳಿದುಕೊಂಡಿದ್ದರೆಂದು ವರದಿಯಾಗಿದೆ. ‘ಜಿಡ್ಡು ಬಳಿದರೆ ಏನಾಗುತ್ತದೆ?’ ಎಂದು ಕೇಳಿ ಸುಮ್ಮನೆ ನಿಲ್ಲಿರಿ. ಉತ್ತರ ಪ್ರಯೋಗದಿಂದ ಬರಲಿ.

ಎರಡು ಥರ್ಮಾಮೀಟರುಗಳ ಬುಡಕ್ಕೆ ಒದ್ದೆ ಹತ್ತಿ ಸುತ್ತಿ, ಒಂದರ ಮೇಲೆ ಪ್ಲಾಸ್ಟಿಕ್ ಹಾಳೆ ಬಿಗಿದು, ಎರಡಕ್ಕೂ ರಟ್ಟಿನಿಂದ ಗಾಳಿ ಬೀಸಬೇಕು. ಇದಕ್ಕೆ ಪ್ರಯೋಗಾಲಯದ ಥರ್ಮಾಮೀಟರ್ ಬೇಕು. ಜ್ವರ ನೋಡುವುದು ಆಗದು. ತೆರೆದಿರುವ ಹತ್ತಿಯ ಕಡೆ ಉಷ್ಣತೆ ಇಳಿಯುತ್ತದೆ, ಮುಚ್ಚಿದ ಕಡೆ ಅಷ್ಟಾಗಿ ಇಳಿಯುವುದಿಲ್ಲ. ಎರಡರಲ್ಲೂ ನೀರಿದೆ, ಆದರೆ ಒಂದರಲ್ಲಿ ಮಾತ್ರ ಅದು ಧಾರಾಳವಾಗಿ ಆವಿಯಾಗುತ್ತಿದೆ. ಪಾಠ ಟಿಪ್ಪಣಿಗಳಲ್ಲಿ ‘ಬೆವರು ದೇಹವನ್ನು ತಂಪಾಗಿಸುತ್ತದೆ’ ಎಂದೇ ಬರೆದಿರುತ್ತಾರೆ. ತಂಪಾಗಿಸುವುದು ಬೆವರಲ್ಲ, ಅದರ ಆವಿಯಾಗುವಿಕೆ. ನೆಲಕ್ಕೆ ತೊಟ್ಟಿಕ್ಕಿದ ಬೆವರು ನೀರಿನ ಲೆಕ್ಕದಲ್ಲಿ ಖರ್ಚು, ಶಾಖದ ಲೆಕ್ಕದಲ್ಲಿ ಸೊನ್ನೆ. ಕರಾವಳಿಯ ಮಳೆಗಾಲದಲ್ಲಿ ಈ ಪ್ರಯೋಗ ಮಾಡಿದರೆ ಉಷ್ಣತೆ ಹೆಚ್ಚು ಇಳಿಯದು. ಪ್ರಶಿಕ್ಷಣಾರ್ಥಿಗಳು ಆಗ ಪ್ರಯೋಗ ಕೆಟ್ಟಿತೆಂದು ಗಾಬರಿಯಾಗುತ್ತಾರೆ. ಗಾಬರಿ ಬೇಡ, ಮಂಗಳೂರಿನ ಸೆಕೆಗೂ ಕಲಬುರಗಿಯ ಒಣ ಬಿಸಿಲಿಗೂ ಇರುವ ವ್ಯತ್ಯಾಸವನ್ನು ಕೇಳಲು ಅದಕ್ಕಿಂತ ಒಳ್ಳೆಯ ಅವಕಾಶ ಸಿಗದು.

ಮುಂದೆ ಕಪ್ಪುಹಲಗೆಯ ಮೇಲೆ ಲೆಕ್ಕ. ಓಟಗಾರ ಪ್ರತಿ ಕಿ.ಮೀ.ಗೆ, ದೇಹತೂಕದ ಪ್ರತಿ ಕಿಲೋಗ್ರಾಂಗೆ ಸುಮಾರು 1 ಕಿಲೋಕ್ಯಾಲರಿ ವ್ಯಯಿಸುತ್ತಾನೆ. 60 ಕೆ.ಜಿ. ತೂಕದವನು 42 ಕಿ.ಮೀ. ಓಡಿದರೆ ಸುಮಾರು 2,500 ಕಿಲೋಕ್ಯಾಲರಿ. ಅದರಲ್ಲಿ ಮುಕ್ಕಾಲು ಪಾಲು, ಅಂದರೆ 1,900ರಷ್ಟು, ಶಾಖವಾಗುತ್ತದೆ. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಸುಮಾರು 580 ಕಿಲೋಕ್ಯಾಲರಿ ಹೊರಹೋಗುತ್ತದೆ. ಬಿಸಿಗಾಳಿಯಲ್ಲಿ ಇಡೀ ಹೊರೆ ಬೆವರಿನ ಮೇಲೇ ಬಿದ್ದರೆ ಎಷ್ಟು ಲೀಟರ್ ಬೇಕು? ಮಕ್ಕಳೇ ಭಾಗಿಸಲಿ; ಮೂರೂಕಾಲು ಲೀಟರ್ ಬರುತ್ತದೆ. ಗುಪ್ತೋಷ್ಣದ ವ್ಯಾಖ್ಯೆಯನ್ನು ಈ ಭಾಗಾಕಾರದ ನಂತರ ಬರೆಸಿ, ಮೊದಲಲ್ಲ.

ಇಷ್ಟು ನೀರು ಹೋದರೆ ರಕ್ತದ ಗಾತ್ರ ಕುಗ್ಗುತ್ತದೆ, ಹೃದಯ ವೇಗವಾಗಿ ಬಡಿಯುತ್ತದೆ, ಚರ್ಮಕ್ಕೆ ಹರಿಯುವ ರಕ್ತ ಕಡಿಮೆಯಾಗಿ ಶಾಖ ಒಳಗೇ ಉಳಿಯುತ್ತದೆ. ಎರಡು ಲೆಕ್ಕಗಳೂ ಕೂಡುವುದು ಇಲ್ಲಿ.

1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನ ಮಹಿಳಾ ಮ್ಯಾರಥಾನ್‌ನಲ್ಲಿ ಸ್ವಿಟ್ಜರ್ಲೆಂಡ್‌ನ ಗೇಬ್ರಿಯೆಲಾ ಆಂಡರ್ಸನ್-ಶೀಸ್ ಕೊನೆಯ ನೀರಿನ ಕೇಂದ್ರ ತಪ್ಪಿಸಿಕೊಂಡು, ವಾಲಾಡುತ್ತಾ ಕ್ರೀಡಾಂಗಣಕ್ಕೆ ಬಂದರು. ಉಳಿದ 400 ಮೀಟರಿಗೆ ಐದೂವರೆ ನಿಮಿಷಕ್ಕಿಂತ ಹೆಚ್ಚು ಹಿಡಿಯಿತು. ಆಕೆ ಇನ್ನೂ ಬೆವರುತ್ತಿದ್ದುದನ್ನು ಗಮನಿಸಿ ವೈದ್ಯರು ಮುಂದೆ ಹೋಗಲು ಬಿಟ್ಟರು. ಆಕೆ ಚೇತರಿಸಿಕೊಂಡರು. ಆದರೂ ಶಾಲಾ ಮೈದಾನಕ್ಕೆ ಇದು ಮಾದರಿಯಲ್ಲವೆಂದು ನನ್ನ ಖಚಿತ ಅಭಿಪ್ರಾಯ. ಶ್ರಮದಿಂದ ಬರುವ ಉಷ್ಣಾಘಾತದಲ್ಲಿ ಮೈ ಬೆವರುತ್ತಲೇ ಇರಬಹುದು. ತಾಲ್ಲೂಕು ಕ್ರೀಡಾಕೂಟದಲ್ಲಿ ಮಗು ತಡವರಿಸಿದರೆ, ಅಸಂಬದ್ಧವಾಗಿ ಮಾತಾಡಿದರೆ ಓಟ ಅಲ್ಲಿಗೇ ನಿಲ್ಲಬೇಕು. ನೆರಳಿಗೆ ಒಯ್ದು ಮೈಮೇಲೆ ತಣ್ಣೀರು ಸುರಿದು ಗಾಳಿ ಬೀಸುತ್ತಲೇ ಆಸ್ಪತ್ರೆಗೆ ವ್ಯವಸ್ಥೆ ಮಾಡಬೇಕು. ಪ್ರಜ್ಞೆ ಸರಿಯಿಲ್ಲದ ಮಗುವಿನ ಬಾಯಿಗೆ ನೀರು ಹಾಕಬಾರದು.

ಹಾಗಾದರೆ ಎಷ್ಟು ಕುಡಿಯಬೇಕು? 1904ರ ಸೇಂಟ್ ಲೂಯಿಸ್ ಮ್ಯಾರಥಾನ್‌ನಲ್ಲಿ ಸಂಘಟಕರು ಬೇಕೆಂದೇ ನೀರು ಸಿಗುವ ಜಾಗಗಳನ್ನು ಕಡಿಮೆ ಮಾಡಿದ್ದರು. ಹೊರಟ 32 ಮಂದಿಯಲ್ಲಿ 14 ಮಂದಿ ಮಾತ್ರ ಗುರಿ ಮುಟ್ಟಿದರು. ಶತಮಾನದ ಬಳಿಕ ತಪ್ಪು ಇನ್ನೊಂದು ಕಡೆಗೆ ವಾಲಿತು. 2002ರ ಬೋಸ್ಟನ್ ಮ್ಯಾರಥಾನ್‌ನಲ್ಲಿ ರಕ್ತ ಪರೀಕ್ಷೆಗೆ ಒಳಗಾದ 488 ಓಟಗಾರರಲ್ಲಿ ಶೇ. 13ರಷ್ಟು ಜನರ ರಕ್ತದಲ್ಲಿ ಸೋಡಿಯಂ ಇರಬೇಕಾದುದಕ್ಕಿಂತ ಕಡಿಮೆಯಿತ್ತು. ಓಟದ ವೇಳೆ ತೂಕ ಏರಿಸಿಕೊಂಡವರಲ್ಲಿ ಈ ತೊಂದರೆ ಹೆಚ್ಚು. ಬೆವರಿದ್ದಕ್ಕಿಂತ ಹೆಚ್ಚು ನೀರು ಕುಡಿದಾಗ ರಕ್ತ ತೆಳುವಾಗಿ ಜೀವಕೋಶಗಳು ಊದಿಕೊಳ್ಳುತ್ತವೆ; ಮಿದುಳು ಊದಿಕೊಂಡರೆ ಪ್ರಾಣಕ್ಕೇ ಅಪಾಯ. ಬಾಯಾರಿಕೆಗೆ ತಕ್ಕಷ್ಟು ಕುಡಿಯುವುದು, ದೀರ್ಘ ಓಟದಲ್ಲಿ ಉಪ್ಪು ಹಾಕಿದ ಮಜ್ಜಿಗೆ ಅಥವಾ ನಿಂಬೆ ಪಾನಕ ಸೇರಿಸಿಕೊಳ್ಳುವುದು ಮಕ್ಕಳಿಗೆ ಹೇಳಬಹುದಾದ ಸರಿಯಾದ ಮಾತು.

ಅನುಸರಣ ಚಟುವಟಿಕೆ: ಬೆಳಗಿನ ಆಟದ ಅವಧಿಗೆ ಮುನ್ನ ಮತ್ತು ನಂತರ ತೂಕ ನೋಡಿ, ಇಳಿದ ತೂಕಕ್ಕೆ ನಡುವೆ ಕುಡಿದ ನೀರನ್ನು ಕೂಡಿಸಿ ಬೆವರನ್ನು ಅಂದಾಜಿಸುವುದು. ಪ್ರಯೋಗಕ್ಕಾಗಿ ಯಾರಿಗೂ ನೀರು ನಿಲ್ಲಿಸಬಾರದು. ತೂಕವನ್ನು ಎಲ್ಲರೆದುರು ಓದಿ ಹೇಳಲೂಬಾರದು.

ಮೌಲ್ಯಮಾಪನಕ್ಕೆ ಒಂದೇ ಪ್ರಶ್ನೆ: ಓಟಕ್ಕೆ ಮೊದಲು 52 ಕೆ.ಜಿ. ಇದ್ದವಳು ಓಟದ ನಂತರ 53 ಕೆ.ಜಿ. ಇದ್ದಾಳೆ. ತಲೆನೋವು, ವಾಂತಿ ಶುರುವಾಗಿದೆ. ಗೆಳತಿ ನೀರಿನ ಬಾಟಲಿ ಹಿಡಿದು ಓಡಿ ಬರುತ್ತಿದ್ದಾಳೆ. ನೀವು ಆಕೆಗೆ ಏನು ಹೇಳುತ್ತೀರಿ, ಏಕೆ?