ಕಾಲಡಿ ಬೆಚ್ಚಗಿರಲಿ: ಬಾರ್ನ್ ವರ್ಕ್‌ಶಾಪಿಗೆ ಪಾಯ ಮತ್ತು ಬಿಸಿ ನೆಲ, ಹಂತ ಹಂತವಾಗಿ

ಮಿನ್ನೆಸೋಟದಲ್ಲಿ ಮನೆಯ ಜೊತೆ ಒಂದೆರಡು ಎಕರೆ ಸಿಕ್ಕಿತೆಂದರೆ, ಹಿತ್ತಲಲ್ಲೊಂದು ಬಾರ್ನ್ ಎಬ್ಬಿಸಿ ಮರಗೆಲಸವನ್ನೋ ಹಳೇ ಕಾರಿನ ರಿಪೇರಿಯನ್ನೋ ಹಚ್ಚಿಕೊಳ್ಳುವ ಆಸೆ ಹುಟ್ಟುತ್ತದೆ. ಆದರೆ ಜನವರಿಯಲ್ಲಿ ಇಲ್ಲಿನ ಬರೀ ಕಾಂಕ್ರೀಟ್ ನೆಲದ ಮೇಲೆ ನಿಂತರೆ ಚಳಿ ಬೂಟು ತೂರಿ ಮೊಣಕಾಲಿಗೆ ಏರುತ್ತದೆ. ಅದಕ್ಕೆ ಮದ್ದು ನೆಲದೊಳಗೇ ಬಿಸಿನೀರಿನ ಪೈಪು ಹಾಸುವುದು. ಪಕ್ಕದ ವಿಸ್ಕಾನ್ಸಿನ್‌ನ ಮ್ಯಾಡಿಸನ್‌ನಲ್ಲಿ ಫ್ರಾಂಕ್ ಲಾಯ್ಡ್ ರೈಟ್ ವಿನ್ಯಾಸ ಮಾಡಿದ ಜೇಕಬ್ಸ್ ಮನೆಯಲ್ಲಿ 1937ರ ಹೊತ್ತಿಗೇ ನೆಲದಡಿ ಬಿಸಿ ಪೈಪುಗಳಿದ್ದವು. ಭಯಪಡಬೇಡಿ, ಇದು ಕಷ್ಟದ ಕೆಲಸವಲ್ಲ. ಆದರೆ ಕಾಂಕ್ರೀಟಿನಡಿ ಹೋದದ್ದನ್ನು ಮತ್ತೆ ತಿದ್ದಲಾಗದು. ಹಾಗಾಗಿ ಅಡಿಯಿಂದಲೇ ಶುರು ಮಾಡೋಣ. ಲೆಕ್ಕಕ್ಕೆ 24 ಅಡಿ ಅಗಲ, 30 ಅಡಿ ಉದ್ದದ ವರ್ಕ್‌ಶಾಪ್ ಇಟ್ಟುಕೊಳ್ಳಿ.

1. ಎಷ್ಟು ದಿನ ಕೆಲಸ ಮಾಡುತ್ತೀರಿ ಎಂದು ಮೊದಲು ತೀರ್ಮಾನಿಸಿ. ಬಿಸಿ ನೆಲ ಬಚ್ಚಲಿನ ತಾಮ್ರದ ಹಂಡೆಯಂತೆ: ಕಾಯುವುದು ನಿಧಾನ, ಆರುವುದೂ ನಿಧಾನ. ಚಳಿಗಾಲವಿಡೀ ಕೆಲಸ ಮಾಡುವವರಿಗೆ ಇದು ವರ. ಶನಿವಾರ ಬೆಳಿಗ್ಗೆ ಸ್ವಿಚ್ ಒತ್ತಿ ಹೋಗುವವರಿಗೆ ನೆಲ ಬಿಸಿಯಾಗುವಷ್ಟರಲ್ಲಿ ಊಟದ ಹೊತ್ತಾಗಿರುತ್ತದೆ. ಅಂಥವರು ಚಾವಣಿಗೆ ಗ್ಯಾಸ್ ಹೀಟರ್ ತೂಗುಹಾಕಿಕೊಳ್ಳಲಿ. ಆದರೂ ಪೈಪ್ ಮಾತ್ರ ಈಗಲೇ ಹೂತಿಡಿ ಎನ್ನುತ್ತೇನೆ. ಒಟ್ಟು ಖರ್ಚಿನಲ್ಲಿ ಅದರ ಪಾಲು ಸಣ್ಣದು, ಆಮೇಲೆ ಹಾಕಲು ಬರುವುದಿಲ್ಲ.

2. ಪರ್ಮಿಟ್ ಆಫೀಸಿಗೆ ಹೋಗಿ ಫ್ರಾಸ್ಟ್ ಆಳ ಕೇಳಿ. ಮಣ್ಣಿನೊಳಗಿನ ನೀರು ಹೆಪ್ಪುಗಟ್ಟಿ ಹಿಗ್ಗಿದಾಗ ಪಾಯವನ್ನೇ ಎತ್ತುತ್ತದೆ. ನಮ್ಮೂರಲ್ಲಿ ಸೈಜುಗಲ್ಲಿನ ಪಾಯ ತೋಡುವಾಗ ಗಟ್ಟಿ ನೆಲ ಸಿಕ್ಕರೆ ಸಾಕಿತ್ತು, ಇಲ್ಲಿ ಹೆಪ್ಪು ಇಳಿಯದ ಆಳಕ್ಕೆ ಹೋಗಬೇಕು. ರಾಜ್ಯದ ನಿಯಮದಂತೆ ಮಿನಿಯಾಪೊಲಿಸ್ ಇರುವ ದಕ್ಷಿಣ ಭಾಗದಲ್ಲಿ ಅದು 42 ಇಂಚು, ಡುಲೂತ್ ಕಡೆಯ ಉತ್ತರದಲ್ಲಿ 60 ಇಂಚು.

3. ಪಾಯ ಆರಿಸಿ. ದಾರಿ ಮೂರು.

ಅಗ್ಗದ್ದು ಪೋಲ್ ಬಾರ್ನ್. ಮರದ ಕಂಬಗಳನ್ನು ಫ್ರಾಸ್ಟ್ ಆಳಕ್ಕಿಂತ ಕೆಳಗೆ ಹೂತು, ನಡುವೆ ಕಾಂಕ್ರೀಟ್ ಸ್ಲ್ಯಾಬ್ ಹಾಕುವುದು. ದುಬಾರಿಯದು ಸ್ಟೆಮ್ ವಾಲ್. 42 ಇಂಚು ಕೆಳಗೆ ಫೂಟಿಂಗ್ ಹಾಕಿ, ಮೇಲೆ ಗೋಡೆ ಎಬ್ಬಿಸಿ, ಒಳಗೆ ಸ್ಲ್ಯಾಬ್ ಹಾಕುತ್ತಾರೆ. ಹೀಟಿಂಗ್ ಕೈಕೊಟ್ಟರೂ ಇದು ಅಲುಗದು. ಮೂರನೆಯದು ಫ್ರಾಸ್ಟ್ ಪ್ರೊಟೆಕ್ಟೆಡ್ ಶ್ಯಾಲೋ ಫೌಂಡೇಶನ್. ಅಂಚಿನಲ್ಲಿ ದಪ್ಪಗಿರುವ ಒಂದೇ ಸ್ಲ್ಯಾಬ್. ಅದರ ಅಂಚಿಗೂ ಸುತ್ತಲಿನ ಮಣ್ಣಿನಡಿಗೂ ಫೋಮ್ ಹಾಸಿ, ಕಟ್ಟಡದ ಬಿಸಿಯನ್ನೇ ಅಲ್ಲಿ ಹಿಡಿದಿಟ್ಟು ಮಣ್ಣು ಹೆಪ್ಪುಗಟ್ಟದಂತೆ ಕಾಯುತ್ತಾರೆ. ಅಗೆತ 12ರಿಂದ 16 ಇಂಚಿಗೇ ಮುಗಿಯುತ್ತದೆ.

ದಿನವೂ ಬಿಸಿ ಇಡುವವರಿಗೆ ನನ್ನ ಮತ ಮೂರನೆಯದಕ್ಕೆ. ಆದರೆ ಹೊಸಬರು ಎಡವುವುದೂ ಇಲ್ಲೇ: ಈ ವಿನ್ಯಾಸ ನಿಲ್ಲುವುದು ಒಳಗಿನ ತಿಂಗಳ ಸರಾಸರಿ ಉಷ್ಣತೆ 64 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 18 ಸೆಲ್ಸಿಯಸ್ ಇರುತ್ತದೆಂಬ ನಂಬಿಕೆಯ ಮೇಲೆ. ಹೀಟಿಂಗ್ ಆರಿಸಿ ಮೂರು ತಿಂಗಳು ಬೆಂಗಳೂರಿಗೆ ಹೋಗುವವರು ಇದನ್ನು ಮುಟ್ಟಬೇಡಿ, ಸ್ಟೆಮ್ ವಾಲ್ ಹಾಕಿಸಿ.

4. ಅಗೆಯುವ ಮುಂಚೆ 811ಕ್ಕೆ ಫೋನ್ ಮಾಡಿ. ನೆಲದಡಿಯ ಗ್ಯಾಸ್, ಕರೆಂಟ್ ಲೈನುಗಳನ್ನು ಪುಕ್ಕಟೆಯಾಗಿ ಗುರುತು ಮಾಡಿಕೊಡುತ್ತಾರೆ. ಗುರುತು ಬೀಳುವವರೆಗೆ ಗುದ್ದಲಿ ಎತ್ತಬೇಡಿ.

5. ಮೇಲಿನ ಕಪ್ಪು ಮಣ್ಣನ್ನು ಪೂರ್ತಿ ತೆಗೆಯಿರಿ. ಅದರಲ್ಲಿನ ಬೇರು, ಕಸ ಕೊಳೆತು ನೆಲ ಕುಸಿಯುತ್ತದೆ.

6. ನಾಲ್ಕು ಇಂಚು ತೊಳೆದ ಜಲ್ಲಿ ಹಾಕಿ, ಪ್ಲೇಟ್ ಕಾಂಪ್ಯಾಕ್ಟರ್‌ನಿಂದ ದಮ್ಮಸ್ಸು ಮಾಡಿ. ಜಲ್ಲಿಯ ಸಂದುಗಳಲ್ಲಿ ನೀರು ಕೆಳಗಿನಿಂದ ಮೇಲಕ್ಕೆ ಏರದು. ನೀರಿಲ್ಲದಿದ್ದರೆ ಹೆಪ್ಪೂ ಇಲ್ಲ.

7. ಅಂಚಿಗೆ ಫೋಮ್ ನಿಲ್ಲಿಸಿ. ನೆಲದ ಬಿಸಿ ಹೆಚ್ಚಾಗಿ ಸೋರುವುದು ಅಂಚಿನಿಂದ. ನಡುವೆ ಚೆನ್ನಾಗಿ ಹಾಸಿ ಅಂಚನ್ನು ಬಿಟ್ಟವರ ಗೋಡೆಯ ಬುಡದಲ್ಲಿ ಹಿಮ ಕರಗುವುದನ್ನು ನೀವೂ ನೋಡಬಹುದು. ದುಡ್ಡು ಕಮ್ಮಿ ಬಿದ್ದರೆ ಬಾಯ್ಲರ್ ಚಿಕ್ಕದು ತನ್ನಿ, ಫೋಮ್ ಮಾತ್ರ ಕಮ್ಮಿ ಮಾಡಬೇಡಿ. ಹೊರಗೆ ಕಾಣುವ ಫೋಮಿನ ಮೇಲೆ ಬಿಸಿಲು ಬೀಳದಂತೆ ಶೀಟ್ ಮುಚ್ಚಿ.

8. ಜಲ್ಲಿಯ ಮೇಲೆ ಎರಡು ಇಂಚಿನ ಎಕ್ಸ್‌ಪಿಎಸ್ ಫೋಮ್ ಹಲಗೆ ಹಾಸಿ. ನೀಲಿ ಅಥವಾ ಗುಲಾಬಿ ಬಣ್ಣದ್ದು, ಬಿಸಿ ತಡೆಯುವ ಅಳತೆಯಲ್ಲಿ ಆರ್-10 ಸಿಗುತ್ತದೆ. ಭಾರಕ್ಕೆ ಜಜ್ಜಿಹೋದೀತೆಂದು ಹೆದರಬೇಡಿ. 25 ಪಿಎಸ್‌ಐ ದರ್ಜೆಯದು ಚದರಡಿಗೆ 3600 ಪೌಂಡ್ ಲೆಕ್ಕಕ್ಕೆ ಬರುತ್ತದೆ. ಹಲಗೆ ಅಲುಗಾಡಿದರೆ ಎತ್ತಿ, ಜಲ್ಲಿ ಮಟ್ಟ ಮಾಡಿ ಮತ್ತೆ ಇಡಿ.

9. ಮೇಲೆ 10 ಮಿಲ್ ಪ್ಲಾಸ್ಟಿಕ್ ಹಾಳೆ ಹರಡಿ, ಜೋಡಣೆಗಳಿಗೆ ಟೇಪ್ ಹಚ್ಚಿ.

10. ಕಬ್ಬಿಣದ ಮೆಷ್ ಇಟ್ಟು, ಅದಕ್ಕೆ ಅರ್ಧ ಇಂಚಿನ ಪೆಕ್ಸ್ ಪೈಪನ್ನು ಝಿಪ್ ಟೈನಿಂದ ಕಟ್ಟಿ. ಸ್ಟೇಪಲ್ ಹೊಡೆದರೆ ಹಾಳೆ ತೂತಾಗುತ್ತದೆ. ಸಾಲಿನಿಂದ ಸಾಲಿಗೆ ಒಂದಡಿ ಬಿಡಿ. ನಮ್ಮ 720 ಚದರಡಿಗೆ ಸುಮಾರು 720 ಅಡಿ ಪೈಪ್ ಬೇಕು. ಒಂದೇ ಸುರುಳಿ ಹಾಕಬೇಡಿ, ಕೊನೆ ಮುಟ್ಟುವಷ್ಟರಲ್ಲಿ ನೀರು ಆರಿರುತ್ತದೆ. ಒಂದು ಲೂಪ್ 300 ಅಡಿ ದಾಟದಂತೆ ಮೂರು ಮಾಡಿ. ಬಿಸಿನೀರು ಮೊದಲು ಹೊರಗೋಡೆಯ ಪಕ್ಕ ಹರಿಯಲಿ, ಆಮೇಲೆ ನಡುವಿಗೆ ಬರಲಿ. ಪೈಪ್ ಕೊಳ್ಳುವಾಗ ಆಕ್ಸಿಜನ್ ಬ್ಯಾರಿಯರ್ ಇರುವುದನ್ನೇ ಕೇಳಿ. ಇಲ್ಲದಿದ್ದರೆ ಗಾಳಿಯ ಆಮ್ಲಜನಕ ಪ್ಲಾಸ್ಟಿಕ್ ತೂರಿ ಪಂಪಿಗೆ ತುಕ್ಕು ಹಿಡಿಸುತ್ತದೆ. ಕಾರ್ ಲಿಫ್ಟ್ ನಿಲ್ಲಿಸುವ ಯೋಚನೆಯಿದ್ದರೆ ಆ ಕಂಬಗಳ ಜಾಗದಲ್ಲಿ ಪೈಪ್ ಬೇಡ, ಅಲ್ಲಿ ಕಾಂಕ್ರೀಟ್ ಲಿಫ್ಟಿನ ಕೈಪಿಡಿ ಹೇಳುವಷ್ಟು ದಪ್ಪ ಇರಲಿ.

11. ಟೇಪ್ ಅಳತೆ ಕಾಣುವಂತೆ ಫೋಟೋ ತೆಗೆದಿಡಿ. ಮುಂದೆ ನೆಲಕ್ಕೆ ಬೋಲ್ಟ್ ಕೊರೆಯುವ ದಿನ ಈ ಫೋಟೋವೇ ನಿಮ್ಮ ನಕ್ಷೆ.

12. ಪೈಪಿಗೆ ಗಾಳಿ ತುಂಬಿ ಪರೀಕ್ಷಿಸಿ. ಎಷ್ಟು ಒತ್ತಡ ಬೇಕೆಂದು ಇನ್ಸ್‌ಪೆಕ್ಟರನ್ನು ಕೇಳಿ. ರಾತ್ರಿ ಚಳಿಗೆ ಗೇಜಿನ ಮುಳ್ಳು ತುಸು ಇಳಿದರೆ ಗಾಬರಿ ಬೇಡ. ಇಳಿಯುತ್ತಲೇ ಹೋದರೆ ಸಾಬೂನು ನೀರು ಹಚ್ಚಿ ಗುಳ್ಳೆ ಹುಡುಕಿ. ಕಾಂಕ್ರೀಟ್ ಸುರಿಯುವಾಗಲೂ ಗಾಳಿ ತುಂಬಿಯೇ ಇರಲಿ. ಯಾರದಾದರೂ ಸಲಿಕೆ ತಗುಲಿದರೆ ಮುಳ್ಳು ತಕ್ಷಣ ಹೇಳುತ್ತದೆ, ಕಾಂಕ್ರೀಟ್ ಹಸಿಯಿರುವಾಗಲೇ ಸರಿಪಡಿಸಬಹುದು.

13. ನಾಲ್ಕು ಇಂಚು ಕಾಂಕ್ರೀಟ್ ಹಾಕಿಸಿ. ನೆಲಕ್ಕಷ್ಟೇ ಸುಮಾರು ಒಂಬತ್ತು ಕ್ಯೂಬಿಕ್ ಯಾರ್ಡ್ ಆಗುತ್ತದೆ. ಅಂಚಿನ ದಪ್ಪಕ್ಕೆ ಬೇರೆ ಸೇರಿಸಿ. ಈ ಹಂತಕ್ಕೆ ಮಾತ್ರ ನುರಿತವರನ್ನೇ ಕರೆಯಿರಿ. ಬಿರುಕು ಅಡ್ಡಾದಿಡ್ಡಿ ಹೋಗದಂತೆ ಹಾಕುವ ಗೆರೆಗಳನ್ನು ಗರಗಸದಿಂದ ಒಂದು ಇಂಚಷ್ಟೇ ಆಳ ಕೊಯ್ಯಲು ಹೇಳಿ, ಪೈಪು ಕೆಳಗಿದೆ.

14. ಒದ್ದೆ ಇಟ್ಟು ಕ್ಯೂರಿಂಗ್ ಮಾಡಿ, 28 ದಿನ ಕಾಯಿರಿ. ಬೇಗ ಒಣಗಲೆಂದು ಹೀಟಿಂಗ್ ಹಚ್ಚಿದರೆ ನೆಲ ಸೀಳುತ್ತದೆ.

15. ಈಗ ನೀರು ತುಂಬಿ, ಬಾಯ್ಲರ್ ಹಚ್ಚಿ. ಮೊದಲ ದಿನ ಉಗುರುಬೆಚ್ಚಗೆ ಸಾಕು, ದಿನಕ್ಕಿಷ್ಟು ಏರಿಸುತ್ತ ಹೋಗಿ. 90ರಿಂದ 120 ಡಿಗ್ರಿ ಫ್ಯಾರನ್‌ಹೀಟ್ ನೀರಿಗೆ ನೆಲ ಚೆನ್ನಾಗಿ ಕಾಯುತ್ತದೆ. ಕರೆಂಟ್ ಹೋದಾಗ ಪೈಪ್ ಹೆಪ್ಪುಗಟ್ಟದಿರಲು ನೀರಿಗೆ ಪ್ರೊಪಿಲೀನ್ ಗ್ಲೈಕಾಲ್ ಬೆರೆಸಿ. ಕಾರಿನ ರೇಡಿಯೇಟರಿಗೆ ಹಾಕುವ ಕೂಲಂಟ್ ಗ್ಯಾರೇಜಿನಲ್ಲಿ ಹೇಗೂ ಬಿದ್ದಿದೆಯಲ್ಲ ಎಂದು ಅದನ್ನೇ ಸುರಿಯಬೇಡಿ. ಅದು ಸಾಮಾನ್ಯವಾಗಿ ಎಥಿಲೀನ್ ಗ್ಲೈಕಾಲ್, ವಿಷ.